ಗಾಲ್ಫ್ ಚಿತ್ರದ ಕೆಳಗಿನ ಅಂಚು

೧೯೮೬ರಲ್ಲಿ, ಏಳನೆಯ ತರಗತಿಯ ನಡುವೆ, ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಶಾಲೆ ಬಿಟ್ಟು ಬೀದರಿನ ಫ್ರೇಮ್ ಅಂಗಡಿಗೆ ಕೆಲಸಕ್ಕೆ ಬಂದೆ. ದುಡಿದು ದುಡಿದು ಅದೇ ಅಂಗಡಿ ನನ್ನದಾಯಿತು. ನಾನು ಕೂಡಿಸಿದ ಫ್ರೇಮಿನ ಮೂಲೆಯಲ್ಲಿ ಕೂದಲು ತೂರುವಷ್ಟೂ ಸಂದು ಇರುವುದಿಲ್ಲ. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಕ್ಯಾಲೆಂಡರಿನ ದೇವರು. ಕೆಳಗೆ ಬಟ್ಟೆ ಅಂಗಡಿಯದೋ ಗೊಬ್ಬರದ ಅಂಗಡಿಯದೋ ಜಾಹೀರಾತು ಇರುತ್ತದೆ. ಅದನ್ನು ಕೊಯ್ದು ಬಿಸಾಡಿಯೇ ಕಟ್ಟು ಹಾಕುವುದು. ಯಾರೂ ಹೇಳಬೇಕಿಲ್ಲ, ಕೈ ತಾನೇ ಕೊಯ್ಯುತ್ತದೆ.

ಹೋದ ವರ್ಷ ಭಾಲ್ಕಿಯಿಂದ ನಿವೃತ್ತ ನರ್ಸ್ ಬಾಯಿಯೊಬ್ಬರು ಮೂರು ಹಳೆಯ ಚಿತ್ರ ತಂದರು. ಒಂದರಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಜನ ಬಾಗಿದ ಕೋಲಿನಿಂದ ಚೆಂಡು ಹೊಡೆಯುತ್ತಿದ್ದರು. ಇನ್ನೊಂದರಲ್ಲಿ ಸಮುದ್ರದ ದಂಡೆಯ ಹುಲ್ಲಿನಲ್ಲಿ ಉದ್ದ ಕೋಟಿನ ಸಾಹೇಬರು. ಮೂರನೆಯದರಲ್ಲಿ ಕಂಕುಳಲ್ಲಿ ಕೋಲಿನ ಕಟ್ಟು ಅವುಚಿಕೊಂಡ ಆಳು.

"ಗಾಲ್ಫ್ ಆಟ ಶುರುವಾದ ಕಾಲದ್ದು ಅಂತ್ರಿ. ನಮ್ಮಪ್ಪ ಹೈದರಾಬಾದಿನಾಗ ಸಾಹೇಬನ ಹಿಂದ ಕೋಲು ಹೊತ್ತವ. ಸಾಹೇಬ ಊರಿಗಿ ಹೋಗುವಾಗ ಕೊಟ್ಟು ಹೋದ. ಇದ್ದಂಗ ಇರ್ಲಿ, ಏನೂ ಕೆಡಸಬ್ಯಾಡ್ರಿ."

"ಬಾಯಿ, ಸೂಜಿ ಹ್ಯಾಂಗ ಚುಚ್ಚಬೇಕು ಅಂತ ನಾ ನಿಮಗ ಹೇಳ್ತೇನೇನ್ರಿ?" ಎಂದೆ. ಅವರು ನಕ್ಕು ಹೋದರು.

ಪ್ರತಿ ಚಿತ್ರದ ಸುತ್ತ ಒಂದು ತಗ್ಗು ಗೆರೆ, ಅದರ ಕೆಳಗೆ ಪೆನ್ಸಿಲಿನ ಗೀಚು. ಕೊಳೆ ಎಂದುಕೊಂಡೆ. ಮೂರನ್ನೂ ಕೊಯ್ದೆ. ಒಂದು ತುಂಡಿನಿಂದ ಅಂಟು ಒರೆಸಿ ಬಿಸಾಡಿದೆ.

ಪಕ್ಕದಲ್ಲಿ ಬಿದರಿ ಕೆಲಸ ಮಾಡುವ ಹಿರಿಯರು ಚಹಾಕ್ಕೆ ಬಂದವರು ಆಳಿನ ಚಿತ್ರದ ತುಂಡು ಎತ್ತಿಕೊಂಡರು.

"ಅರೇ ಭಾಯಿ, ಈ ತಗ್ಗು ತಾಮ್ರದ ತಗಡು ಒತ್ತಿದ್ದು. ನಾವು ಹೂವು ಕೊರಿತೇವಲ್ಲ, ಹಂಗ ತಗಡಿನ್ಯಾಗ ಕೊರದು ಕಾಗದಕ್ಕ ಒತ್ಯಾರ. ಮತ್ತ ಇದು ಗೀಚಲ್ಲ, ಉರ್ದು." ಕನ್ನಡಕ ಏರಿಸಿ ಓದಿದರು: "ಈ ಆಳು ಹೊತ್ತ ಹೊರಿ ನಾನೂ ಹೊತ್ತೇನಿ." ಆಮೇಲೆ ನನ್ನತ್ತ ತಿರುಗಿ, "ಯಾಕ ಕೊಯ್ದಿ?" ಎಂದರು.

ಉಳಿದ ಎರಡು ತುಂಡನ್ನೂ ಮೇಜಿನ ಖಾನೆಗೆ ಹಾಕಿದೆ.

ಮರುದಿನ ಬಾಯಿ ಬಂದು, ಗಾಜಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದರು.

"ಇಲ್ಲಿ ಬರದಿದ್ದು ಎಲ್ಲಿ ಹೋತ್ರಿ?"

"ಗೆದ್ದಲು ಹಿಡಿದಿತ್ರಿ. ಮುಟ್ಟಿದ್ರ ಉದುರಿತು."

ಆ ಎರಡು ತುಂಡು ನನ್ನ ಮೊಣಕಾಲಿಗೆ ತಾಗುತ್ತಿದ್ದ ಮೇಜಿನ ಖಾನೆಯಲ್ಲೇ ಇದ್ದವು.

"ಅಪ್ಪನ ಕೈಬರಹ ಅಂದ್ರ ಅದೊಂದ ಇತ್ರಿ. ನನಗ ಉರ್ದು ಬರಂಗಿಲ್ಲ. ಯಾರ ಕಡಿಂದರ ಓದಸ್ಬೇಕು ಅಂತಿದ್ದೆ." ಗಾಜಿನಿಂದ ಬೆರಳು ತೆಗೆದು, "ಇರ್ಲಿ ಬಿಡ್ರಿ. ಮೂಲಿ ಭಾಳ ಚಂದ ಕೂಡಿಸೀರಿ," ಎಂದರು.

ಖಾನೆ ಎಳೆಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಶಾಲೆ ಬಿಟ್ಟವ, ಅಕ್ಷರ ಯಾವುದು ಕೊಳೆ ಯಾವುದು ತಿಳಿಯದೆ ಕೊಯ್ದ ಎಂಬ ಮಾತು ಕೇಳಲು ನನ್ನ ಮನಸ್ಸು ಒಪ್ಪಲಿಲ್ಲ.

ಆಮೇಲೆ ಆ ತುಂಡುಗಳನ್ನು ಹಿಡಿದು ಎರಡು ಸಲ ಭಾಲ್ಕಿಯ ಬಸ್ ಹತ್ತಿದೆ. ಒಮ್ಮೆ ಅವರ ಬಾಗಿಲ ತನಕವೂ ಹೋದೆ. ಒಳಗಿನ ಗೋಡೆಯಲ್ಲಿ ಮೂರೂ ಚಿತ್ರ ಕಾಣುತ್ತಿದ್ದವು. ಕರೆಯದೆ ಮರಳಿದೆ.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ಗಾಜು ಕೊಯ್ಯುವ ಎರಡು ಕಟರ್, ಆ ಮೂರು ತುಂಡುಗಳಲ್ಲಿ ಎರಡು.