ಮಗು ಕಚ್ಚಿದ ಗೋಡೆ

ನಮ್ಮ ಚನ್ನಪಟ್ಟಣದ ಬೊಂಬೆ ಗಫಾರ್ ಸಾಬರನ್ನು ಹೊಗಳಲು ನೀವು ಕಷ್ಟಪಡಬೇಕಿಲ್ಲ, ಆ ಕೆಲಸವನ್ನು ಅವರೇ ಮುಗಿಸಿರುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಬಾಗಿಲಲ್ಲಿ ನಿಂತು, "ನಾನು ಕಡೆದ ಗಿಲಕಿ ಆಡಿಸದ ತೊಟ್ಲು ಈ ಸೀಮೇಲೇ ಇಲ್ಲ ಕಣವ್ವಾ" ಅಂದಿದ್ದರು. ಅರಿಶಿನವೇ ಆರಿರದ ಹೊಸ ಸೊಸೆಯ ಮುಂದೆ ತೊಟ್ಟಿಲ ಮಾತು! ನನಗೆ ಮೈಯೆಲ್ಲ ಉರಿದಿತ್ತು.

ಇಷ್ಟು ಜಂಬದ ಮನುಷ್ಯನಿಗೂ ಒಂದು ಕೊರಗಿತ್ತು. ಅವರು ಮಾಡಿದ ಬೊಂಬೆಯೆಲ್ಲ ಮೂಟೆ ಸೇರಿ ಬಸ್ಸು ಹತ್ತುತ್ತಿತ್ತು. "ಒಂದಾದ್ರೂ ತಿರುಗಿ ಬಂದು, ಸಾಬ್ರೇ ಚೆಂದಾಗಿವ್ನಿ ಅಂದೈತಾ? ಊರಲ್ಲೇ ನಿಲ್ಲೋ ಅಂಥದ್ದೊಂದು ಮಾಡ್ಬೇಕು. ಹೋಗ್ತಾ ಬರ್ತಾ ಜನ ನೋಡಿ, ಇದು ಗಫಾರಂದು ಅನ್ಬೇಕು" ಎನ್ನುತ್ತಿದ್ದರು.

ಅವರಿಗೆ ಆ ಯೋಗ ತಂದದ್ದು ನಮ್ಮ ಮನೆಯ ಗೆದ್ದಲು. ಪಡಸಾಲೆಯ ನಾಲ್ಕೂ ಗೋಡೆಗೆ ಸೊಂಟದೆತ್ತರದವರೆಗೆ ಮರದ ಹಲಗೆ ಹೊದಿಸಿತ್ತು. ನನ್ನ ಅತ್ತೆಯ ಮಾವ ಬೆಂಗಳೂರಿನಲ್ಲಿ ಯಾವನೋ ದೊರೆಯ ಬಂಗಲೆ ನೋಡಿಬಂದು ಮಾಡಿಸಿದ ಷೋಕಿ ಅದು. ಹಲಗೆಗಳು ಕೂಡುವ ಕಡೆ ಸಂದು ಕಾಣದಂತೆ, ಉರುಟು ಕಂಬವನ್ನು ಉದ್ದಕ್ಕೆ ಸೀಳಿದಂಥ ಅರೆಗಂಬ. ಪ್ರತಿ ಅರೆಗಂಬದ ನಡುವೆ ಉಬ್ಬಿದ ಒಂದು ಗುಂಡು. ಬಚ್ಚಲ ಕಡೆಯ ಗೋಡೆ ತೇವ ಹಿಡಿದು, ಗೆದ್ದಲು ಹತ್ತಿ, ಆ ಒಂದು ಬದಿ ಪೂರ್ತಿ ಹಾಳಾಯಿತು. ಎಂಬತ್ತರ ದಶಕ, ಎಲ್ಲರಿಗೂ ಸನ್‌ಮೈಕಾ ಹುಚ್ಚು. ನನ್ನ ಗಂಡ ಅದನ್ನೇ ಅಂಟಿಸೋಣ ಎಂದರು. "ಮನೇಲಿ ಓಟ್ಲು ಮಡಗ್ತೀಯೇನ್ಲಾ?" ಎಂದು ಅತ್ತೆ ದೊಡ್ಡಲಕ್ಷ್ಮಮ್ಮ ಮಗನ ಬಾಯಿ ಮುಚ್ಚಿಸಿದರು. ಹಲಗೆ ಬಡಗಿಗೆ, ಅರೆಗಂಬ ಗಫಾರ್ ಸಾಬರಿಗೆ ಎಂದು ತೀರ್ಮಾನವಾಯಿತು. "ಮೂರು ಬದಿ ಹೆಂಗೈತೋ ಇದೂ ಹಂಗೇ ಇರ್ಬೇಕು ಕಣಪ್ಪ. ಹೊಸದು ಯಾವುದು ಅಂತ ಗೊತ್ತಾಗಕೂಡದು" ಎಂದು ಅತ್ತೆ ಒತ್ತಿ ಹೇಳಿದರು.

ಸಾಬರ ಕಿವಿಗೆ ಆ ಮಾತು ಎಲ್ಲಿ ಬೀಳಬೇಕು? ಟೀ ಅಂಗಡಿಯಲ್ಲೆಲ್ಲ ಡಂಗುರ ಹೊಡೆದು ಬಂದು ಅವರು ಗೋಡೆಗೆ ಕೂರಿಸಿದ್ದನ್ನು ನೋಡುತ್ತೇನೆ, ಅಯ್ಯೋ ಶಿವನೇ! ಅರಗಿನ ಕಡುಗೆಂಪು, ಅದಕ್ಕೆ ಹಳದಿ ಪಟ್ಟೆ, ತಾಳೆಗರಿಯಲ್ಲಿ ತೀಡಿ ತೀಡಿ ತಂದ ಹೊಳಪು.

"ಗೋಡೆಗೆ ಗಿಲಕಿ ಕಟ್ಟು ಅಂದ್ನೇನಪ್ಪ ನಾನು?" ಎಂದರು ಅತ್ತೆ.

"ಹೊಳಪಿಲ್ದೆ ಹೆಂಗಮ್ಮಾವ್ರೇ? ನಂದು ಅಂತ ಗೊತ್ತಾಗ್ಬ್ಯಾಡ್ವಾ?"

"ಬ್ಯಾಡ!"

ಸಾಬರು ಮುಖ ಊದಿಸಿಕೊಂಡೇ ಎಲ್ಲ ಕಿತ್ತು ಹೊಸದಾಗಿ ಕಡೆದರು. ಬಣ್ಣಕ್ಕೆ ಬಡಗಿ ಅಂಗಡಿಯ ವಾರ್ನಿಷ್ ತಂದಿಟ್ಟರೆ ಮುಟ್ಟಲಿಲ್ಲ. "ಮಕ್ಳು ಬಾಯಿಗಿಟ್ಕೊಂಡ್ರೆ?" ಎಂದರು. "ಗೋಡೇನ ಯಾರು ಸಾಬ್ರೇ ಬಾಯಿಗಿಟ್ಕೊಳ್ಳೋರು?" ಎಂದು ಬಡಗಿ ಬಿದ್ದು ಬಿದ್ದು ನಕ್ಕ, ನಾನೂ ನಕ್ಕೆ. ಬೊಂಬೆ ಮಾಡಿದ ಕೈ, ಏನು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಅತ್ತೆಯ ಎಲೆಅಡಿಕೆ ತಟ್ಟೆಯ ಕಾಚನ್ನೇ ಕುದಿಸಿ, ಅರೆಗಂಬಕ್ಕೂ ಹಲಗೆಗೂ ಬಳಿದರು. ಕಾಚು ಖಾಲಿಯಾದದ್ದಕ್ಕೆ ಅತ್ತೆ ವಾರವಿಡೀ ಸಿಡಿಮಿಡಿಗುಟ್ಟಿದರು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಬಂತು. ಹಬ್ಬಕ್ಕೆ ಕನಕಪುರದಿಂದ ಅತ್ತೆಯ ತಂಗಿ ಮುನಿರತ್ನಮ್ಮ ಬಂದಾಗ ಸಾಬರೂ ಬಂದು ಬೆಂಚಿನ ಮೇಲೆ ಹೊಗಳಿಕೆಗೆ ಕಾಯುತ್ತ ಕೂತರು. ಆಯಮ್ಮ ಸುತ್ತ ನೋಡಿ, ನೇರ ಸಾಬರ ಗೋಡೆಯನ್ನೇ ಸವರಿ, "ಹಳೇ ಕಾಲದೋರ ಕೈಕೆಲ್ಸ ಅಂದ್ರೆ ಇದು ಕಣಕ್ಕ. ಈಗಿನೋರಿಗೆ ಎಲ್ ಬಂದಾತು?" ಅಂದರು. ಅತ್ತೆಯ ಮುಖ ಅರಳಿತು. ಸಾಬರು ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆಮೇಲೆ ನಮ್ಮ ಬೀದಿಗೇ ಬರುವುದನ್ನು ಬಿಟ್ಟರು. ನನಗೆ ಪಾಪ ಅನ್ನಿಸಿತು.

ಆಗ ನನ್ನ ಮಗಳಿಗೆ ಹಲ್ಲು ಬರುವ ಕಾಲ. ಏನು ಸಿಕ್ಕಿದರೂ ಕಡಿಯುವಳು. ಒಂದು ಬೆಳಗ್ಗೆ ನೋಡಿದರೆ ಬಚ್ಚಲ ಕಡೆಯ ಅರೆಗಂಬ ಹಿಡಿದು ನಿಂತು, ಅದರ ಗುಂಡನ್ನು ಜೊಲ್ಲು ಸುರಿಸಿಕೊಂಡು ಕಡಿಯುತ್ತಿದ್ದಾಳೆ! ಉಳಿದ ಮೂರು ಬದಿಯದು ಗಟ್ಟಿ ತೇಗ. ಸಾಬರದು ಬೊಂಬೆ ಮಾಡುವ ಮೆತ್ತನೆ ಆಲೆ ಮರ. ಎರಡು ಪುಟ್ಟ ಹಲ್ಲಿನ ಗುರುತು ಒತ್ತಿ ಕೂತಿತ್ತು. ಅತ್ತೆ ಹಣೆ ಚಚ್ಚಿಕೊಂಡು, ಸರಿಮಾಡಲು ಸಾಬರಿಗೆ ಹೇಳಿಕಳಿಸಿದರು.

ಸಾಬರು ಬಿಗುಮಾನದಿಂದಲೇ ಬಂದರು. ನೆಲಕ್ಕೆ ಕೂತು ಕನ್ನಡಕ ಏರಿಸಿ, ಗುರುತಿನ ಮೇಲೆ ಬೆರಳಾಡಿಸಿದರು. ಅಲ್ಲೇ ಕೂತುಬಿಟ್ಟರು.

"ಸಾಬ್ರೇ, ಏನಾಯ್ತು?" ಎಂದೆ.

"ಜನ್ಮ ಎಲ್ಲ ಮಕ್ಳು ಕಚ್ಚಲಿ ಅಂತ್ಲೇ ಕಡ್ದೆ ಕಣವ್ವಾ. ಕಚ್ಚಿದ್ದನ್ನ ನೋಡಿದ್ದು ಇವತ್ತೇ." ಅವರ ಕಣ್ಣು ಒದ್ದೆಯಾಗಿತ್ತು.

"ಒಸಿ ಮೇಣ ತುಂಬ್ಬುಡು" ಎಂದರು ಅತ್ತೆ.

"ಮುಟ್ಬ್ಯಾಡಿ ಅಮ್ಮಾವ್ರೇ. ನಿಮ್ ಕಾಲಿಗ್ ಬೀಳ್ತೀನಿ."

ಅತ್ತೆ ಅವರ ಮುಖ ನೋಡಿದರು, ಗೋಡೆ ನೋಡಿದರು. ಒಳಗೆ ಹೋಗಿ ಟೀ ಇಟ್ಟರು.

ಮುಂದಿನ ಹಬ್ಬಕ್ಕೆ ಮುನಿರತ್ನಮ್ಮ ಮತ್ತೆ ಬಂದರು. ಅತ್ತೆ ಕೈ ಹಿಡಿದು ಕರೆದೊಯ್ದು, ಬಗ್ಗಿಸಿ, ಆ ಗುಂಡು ತೋರಿಸಿದರು. "ಇಲ್ ನೋಡು, ನಮ್ ಮಗು ಕಚ್ಚೈತೆ. ಈ ಬದಿ ಪೂರಾ ನಮ್ ಗಫಾರಂದು."