ರಿವರ್ಸ್ ಗೇರಿನಲ್ಲಿ ಕನಕಗಿರಿ ಸಂತೆಗೆ

ಮಾರೆಪ್ಪನಿಗೆ ಗಾಡಿ ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದ ಫಜೀತಿಗೆ ಅರ್ಧ ಕಾರಣ ಇದೇ. ಸೈಕಲ್ ಒಂದು ಬಿಟ್ಟರೆ ಬೇರೆ ಯಾವ ವಾಹನದ ಹ್ಯಾಂಡಲ್ಲನ್ನೂ ಅವನು ಹಿಡಿದವನಲ್ಲ. ಆದರೆ ಡೀಸೆಲ್ ಪಂಪಿನ ಎಂಜಿನ್ ಅಂದರೆ ಮಾತ್ರ ಕಾರಟಗಿಯ ಸುತ್ತಮುತ್ತ ಒಂದು ಕಾಲಕ್ಕೆ ಅವನದೇ ರಾಜ್ಯ. ಕಾಲುವೆಯ ತುದಿಯ ಗದ್ದೆಗಳಿಗೆ ನೀರು ಮುಟ್ಟದೆ ಹೋದಾಗ ರೈತರು ಹಳ್ಳಕ್ಕೆ ಪಂಪು ಇಳಿಸುತ್ತಿದ್ದರು. ಆ ಪಂಪು ಕೆಮ್ಮಿದರೆ ಬೈಕ್ ತಂದು ಮಾರೆಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೋದಲ್ಲೆಲ್ಲ ಅವನಿಗೆ ಚಹಾ, ಕೆಲಸ ಮುಗಿದ ಮೇಲೆ ಊಟ. ಈಗ ಎಲ್ಲ ಕಡೆ ಕರೆಂಟಿನ ಮೋಟರು. ಹಳೆಯ ಎಂಜಿನ್ನುಗಳು ದನದ ಕೊಟ್ಟಿಗೆಯಲ್ಲಿ ಬಿದ್ದಿವೆ, ಅವುಗಳ ಸಂದಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ.

ನಾನು ಗೋವಿಂದರಾಜ. ಮಾರೆಪ್ಪನ ಪಂಪು ರಿಪೇರಿ ಅಂಗಡಿಯ ಎದುರಿಗೇ ನನ್ನ ಹಗ್ಗ ಮತ್ತು ಹೊರೆ ಮುಚ್ಚುವ ತಾಡಪತ್ರಿಯ ಅಂಗಡಿ. ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಎದುರಿಗೆ ಕೂತು ನೋಡಿದರೆ ಅವನ ಗುಣ ಅವನ ಹೆಂಡತಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಮಾರೆಪ್ಪ ಒಳ್ಳೆಯವನು, ಕೈ ಶುದ್ಧ, ಆದರೆ ತನ್ನ ತಪ್ಪು ಅಂತ ಒಮ್ಮೆಯೂ ಒಪ್ಪಿದವನಲ್ಲ. ಎಂಜಿನ್ ಹೊಗೆ ಉಗುಳಿದರೆ ಡೀಸೆಲ್ ಕಲಬೆರಕೆ. ನೀರು ಏರದಿದ್ದರೆ ಹಳ್ಳದ ತಪ್ಪು. ಒಮ್ಮೆ ತಾನೇ ಬಿಗಿಯಲು ಮರೆತ ನಟ್ಟು ಕಳಚಿ ಬಿದ್ದಾಗ, ಎಮ್ಮೆ ಒದ್ದಿರಬೇಕು ಅಂದ. ಆ ಹೊಲದವರು ಎಮ್ಮೆಯನ್ನೇ ಸಾಕಿರಲಿಲ್ಲ. ಕೇಳಿದರೆ, ಪಕ್ಕದ ಹೊಲದ್ದು ಬಂದಿರಬೇಕು ಅಂದ. ಇಂಥವನ ಜೊತೆ ವಾದ ಮಾಡಿ ನನ್ನ ರಕ್ತದ ಒತ್ತಡ ಏರಿದೆ ಎಂದು ನಾನು ಡಾಕ್ಟರಿಗೂ ಹೇಳಿದ್ದೇನೆ.

ಅವನ ಮಗಳು ಶೋಭಾರಾಣಿ. ಅವಳ ಗಂಡ ಮಂಡಕ್ಕಿ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಾನೆ, ಅವಳು ಅದನ್ನು ಊರೂರಿಗೆ ಮಾರುತ್ತಾಳೆ. ಒಂದು ಸಣ್ಣ ಪಿಕಪ್ ಗಾಡಿ ಇದೆ, ಅವಳೇ ಓಡಿಸುತ್ತಾಳೆ. ಕುಷ್ಟಗಿ, ಯಲಬುರ್ಗಾ, ತಳಕಲ್ ಕಡೆಗೆಲ್ಲ ಅವಳ ಚೀಲಗಳು ಹೋಗುತ್ತವೆ. ಕನಕಗಿರಿ ಸಂತೆಯ ದಿನ ನಾನೂ ನನ್ನ ಹಗ್ಗದ ಕಟ್ಟುಗಳ ಸಮೇತ ಅವಳ ಗಾಡಿ ಹತ್ತುತ್ತೇನೆ. ಮಂಡಕ್ಕಿ ಹೊರೆ ನೋಡಲು ಗುಡ್ಡದಷ್ಟು, ತೂಕಕ್ಕೆ ಏನೂ ಇಲ್ಲ. ಹಾಗಾಗಿ ಆ ಬಡಪಾಯಿ ಗಾಡಿ ಇಷ್ಟು ದಿನ ತಡೆದಿತ್ತು.

ಒಂದು ದಿನ ತಳಕಲ್ ದಾರಿಯಲ್ಲಿ ಅದರ ಎಂಜಿನ್ ಕಟ್ ಎಂದು ನಿಂತೇ ಹೋಯಿತು. ನಮ್ಮ ಊರಿನ ಗ್ಯಾರೇಜಿನ ಅಕ್ಬರ ಬಿಚ್ಚಿ ನೋಡಿ, ಇದು ರಿಪೇರಿ ಆಗುವುದಲ್ಲ, ಬೇರೆ ಎಂಜಿನ್ನೇ ಕೂರಿಸಬೇಕು, ಗಂಗಾವತಿಯಿಂದ ಹಳೆಯದೊಂದು ಹುಡುಕಿ ತರಿಸುತ್ತೇನೆ, ಆದರೆ ತಡ ಆಗುತ್ತದೆ ಅಂದ. ತಡ ಮಾಡುವ ಹಾಗಿರಲಿಲ್ಲ. ಕನಕಗಿರಿಯಲ್ಲಿ ಮಿರ್ಚಿ ಬಜಿಯ ಅಂಗಡಿ ಇಟ್ಟಿರುವ ಪಾರಮ್ಮ ಯಾರ ಹತ್ತಿರ ಮಂಡಕ್ಕಿ ಕೊಳ್ಳುತ್ತಾಳೋ ಅಲ್ಲಿನ ಉಳಿದ ಅಂಗಡಿಯವರೂ ಅವರ ಹತ್ತಿರವೇ ಕೊಳ್ಳುವುದು. ಹೊಸ ಗಾಡಿಯಲ್ಲಿ ಮಂಡಕ್ಕಿ ಮಾರುವ ಹುಡುಗನೊಬ್ಬ ಪಾರಮ್ಮನ ಬೆನ್ನು ಹತ್ತಿದ್ದ. ಒಂದು ಸಂತೆ ಆಗಲೇ ತಪ್ಪಿತ್ತು. ಇನ್ನೊಂದು ತಪ್ಪಿದರೆ ಆ ಹುಡುಗನ ಕಡೆಗೇ ಹೋಗುತ್ತೇನೆ ಎಂದು ಪಾರಮ್ಮ ಫೋನಿನಲ್ಲಿ ಹೇಳಿಯೂ ಆಗಿತ್ತು.

ಆಗ ಮಾರೆಪ್ಪ ಬಾಯಿ ಹಾಕಿದ. “ಗಂಗಾವತಿ ಯಾಕ? ನನ್ನ ಹಿತ್ತಲದಾಗ ಎಂಜಿನ್ ಐತಿ. ಸಣ್ಣದು, ಆದ್ರ ಗಟ್ಟಿ. ನಾ ಕೂಡಸ್ತೀನಿ.”

ಶೋಭಾರಾಣಿ ಅಪ್ಪನ ಮುಖ ನೋಡಿದಳು, ಅಕ್ಬರನ ಮುಖ ನೋಡಿದಳು. “ಆತು ಯಪ್ಪಾ, ಕೂಡಸು,” ಅಂದಳು. ಯಾರೂ ಕೆಲಸಕ್ಕೆ ಕರೆಯದೆ ಎಷ್ಟೋ ಕಾಲವಾಗಿದ್ದ ಆ ಮನುಷ್ಯ ಅಂದು ಮಧ್ಯಾಹ್ನ ಊಟ ಮಾಡುವುದನ್ನೇ ಮರೆತ.

ಕೆಲಸವೇನೋ ಭರ್ಜರಿಯಾಗಿಯೇ ನಡೆಯಿತು. ಲೇಥ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೊರೆಸಿ, ಗಾಡಿಯ ಹಳೆಯ ಗೇರ್ ಬಾಕ್ಸಿಗೆ ಪಂಪಿನ ಎಂಜಿನ್ನನ್ನು ಜೋಡಿಸಿದ. ಈ ಪಂಪಿನ ಎಂಜಿನ್ನಿಗೆ ಒಂದು ವಿಶೇಷವಿದೆ. ಅದರ ತಿರುಗುವ ದಂಡ ಎರಡೂ ತುದಿಯಲ್ಲಿ ಹೊರಗೆ ಚಾಚಿರುತ್ತದೆ, ಯಾವ ತುದಿಗೆ ಬೇಕಾದರೂ ಪಂಪು ಕಟ್ಟಬಹುದು. ಒಂದು ತುದಿಯನ್ನು ಗೇರ್ ಬಾಕ್ಸಿನ ಕಡೆ ಮಾಡಿದರೆ ಹೊಗೆ ಕೊಳವೆ ಸ್ಟೀರಿಂಗಿಗೆ ಅಡ್ಡ ಬರುತ್ತಿತ್ತು. ಇನ್ನೊಂದು ತುದಿ ಸಲೀಸಾಗಿ ಕೂತಿತು. ಮಾರೆಪ್ಪ ಸಲೀಸಾದದ್ದನ್ನೇ ಆರಿಸಿದ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಾನೂ ಭೇಷ್ ಅಂದೆ. ನನಗೇನು ಗೊತ್ತು, ನಾನು ಹಗ್ಗ ಮಾರುವವನು.

ಸಂತೆಯ ಹಿಂದಿನ ದಿನ ಸಂಜೆ ಗಾಡಿ ಸಿದ್ಧವಾಯಿತು. ಮಾರೆಪ್ಪನ ಹೆಂಡತಿ ಹೊಳಿಯಮ್ಮ ತೆಂಗಿನಕಾಯಿ ಒಡೆದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಓಣಿಯ ಜನ ಸೇರಿದರು. ಎಂಜಿನ್ ಗುದ್ದಿದ ಹಾಗೆ ಸದ್ದು ಮಾಡುತ್ತ ಶುರುವಾದಾಗ ಎಲ್ಲರೂ ಹೋ ಎಂದರು. ಶೋಭಾರಾಣಿ ಒಂದನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು.

ಗಾಡಿ ನೇರವಾಗಿ ಹಿಂದಕ್ಕೆ ಬಂದು ನನ್ನ ಅಂಗಡಿಯ ತಾಡಪತ್ರಿಯ ರಾಶಿಗೆ ಹೊಕ್ಕಿತು.

“ಗೇರ್ ತಪ್ಪಿ ಹಾಕೀದಿ!” ಎಂದು ಮಾರೆಪ್ಪ ಕೂಗಿದ. ಅವಳು ತಪ್ಪಿ ಹಾಕಿರಲಿಲ್ಲ. ಎರಡನೆಯದಕ್ಕೆ ಹಾಕಿದಳು, ಗಾಡಿ ಇನ್ನೂ ಜೋರಾಗಿ ಹಿಂದಕ್ಕೇ ನುಗ್ಗಿತು. ನಾನು ಪ್ರಾಣ ಉಳಿಸಿಕೊಳ್ಳಲು ಕಟ್ಟೆ ಹತ್ತಿದೆ. ಕೊನೆಗೆ ಅವಳು ಏನು ಯೋಚಿಸಿದಳೋ, ರಿವರ್ಸ್ ಗೇರಿಗೆ ಹಾಕಿದಳು. ಗಾಡಿ ಗೊಂಯ್ ಎಂದು ನರಳುತ್ತ ಮೆಲ್ಲಗೆ ಮುಂದಕ್ಕೆ ಹೊರಟಿತು.

ಅಕ್ಬರ ನಕ್ಕು ನಕ್ಕು ನೆಲಕ್ಕೆ ಕೂತ. “ಮಾರೆಪ್ಪಣ್ಣಾ, ಎಂಜಿನ್ ಹಿಂದ್ಮುಂದ ಕೂಡ್ಸೀದಿ! ಆ ತುದಿಗೆ ಜೋಡಿಸಿದ್ರ ಗೇರ್ ಬಾಕ್ಸಿಗೆ ಉಲ್ಟಾ ತಿರಗತೈತಿ. ನಿನ್ನ ಗಾಡಿಗೆ ಈಗ ಹಿಂದಕ್ಕ ಹೋಗಾಕ ನಾಕು ಗೇರು, ಮುಂದ ಹೋಗಾಕ ಒಂದ!”

ವಿಷಯ ಇಷ್ಟೇ. ಪಂಪು ಉಲ್ಟಾ ತಿರುಗಿದರೆ ಬೆಲ್ಟನ್ನು ನಡುವೆ ಒಮ್ಮೆ ತಿರುಚಿ ಹಾಕಿದರಾಯಿತು, ಸರಿಯಾಗುತ್ತದೆ. ಜೀವಮಾನವಿಡೀ ಮಾರೆಪ್ಪ ಮಾಡಿದ್ದು ಅದನ್ನೇ. ಎಂಜಿನ್ ಯಾವ ಕಡೆ ತಿರುಗುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ಗಾಡಿಯಲ್ಲಿ ತಿರುಚಲು ಬೆಲ್ಟ್ ಎಲ್ಲಿದೆ?

“ಗೇರ್ ಬಾಕ್ಸಿನಾಗ ಏನೋ ದೋಷ ಐತಿ,” ಅಂದ ಮಾರೆಪ್ಪ. ಅವನ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಅಕ್ಬರ ನಗು ನಿಲ್ಲಿಸಿ ಶೋಭಾರಾಣಿಗೆ ಮೆತ್ತಗೆ ಹೇಳಿದ, ಅವನೂ ಕೆಟ್ಟವನಲ್ಲ. “ನೋಡವ್ವಾ, ಇದನ್ನ ನನ್ನ ಗ್ಯಾರೇಜಿಗೆ ಬಿಟ್ಟುಬಿಡು. ಗಂಗಾವತಿದಿಂದ ಸರಿಯಾದ ಎಂಜಿನ್ ತರಸ್ತೀನಿ. ಆಮ್ಯಾಲ ಕೊಪ್ಪಳದ ಆರ್‌ಟಿಒ ಆಫೀಸಿನಾಗ ಹೊಸ ಎಂಜಿನ್ ನಂಬರೂ ಬರಸಬೇಕಾಗತೈತಿ.”

“ಮೊದಲು ಗಾಡಿ ಮುಂದ ಹೋಗ್ಲಿ ಅಕ್ಬರಣ್ಣ, ಆಮ್ಯಾಲ ನಂಬರ್ ಬರಸೂಣು,” ಅಂದಳು ಶೋಭಾರಾಣಿ. ಆಮೇಲೆ ನನ್ನ ಕಡೆ ತಿರುಗಿದಳು. “ಕಾಕಾ, ನಾಳೆ ಸಂತಿಗೆ ಬರ್ತಿಯಿಲ್ಲೋ? ಒಂದ ಗೇರಿನಾಗ ಹೋಗೂದು. ನಸುಕಿನಾಗ ಬಿಡೂಣು.”

ಮರುದಿನ ನಸುಕಿನಲ್ಲಿ ಮಾರೆಪ್ಪ ಮಗಳ ಪಕ್ಕದ ಸೀಟಿನಲ್ಲಿ ನೀರಿನ ಕ್ಯಾನುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎಂಜಿನ್ ಕಾದರೆ ನೀರು ಹಾಕಲು ಅವನೇ ಬೇಕಿತ್ತು. ನಾನು ಹಿಂದೆ ಮಂಡಕ್ಕಿ ಚೀಲಗಳ ಮೇಲೆ. ಮೆತ್ತಗೆ ಹಾಸಿಗೆಯ ಹಾಗಿತ್ತು, ಸುಳ್ಳು ಹೇಳಬಾರದು. ಆದರೆ ಆ ವೇಗ! ಶಾಲೆಗೆ ಹೋಗುವ ಮಕ್ಕಳು ಸೈಕಲ್ ಮೇಲೆ ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ ನಕ್ಕರು. ಕುರಿ ಹಿಂಡೊಂದು ಸ್ವಲ್ಪ ದೂರ ನಮ್ಮ ಜೊತೆಗೇ ನಡೆದು ಬೇಸರ ಬಂದು ಮುಂದೆ ಹೋಯಿತು. ಎರಡೂ ಬದಿಯ ಗದ್ದೆಗಳಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಮ್ಮನ್ನೇ ನೋಡಿದರು. ಭತ್ತದ ಗದ್ದೆ ಮುಗಿದು ಒಣ ಹೊಲಗಳು ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುವುದರಲ್ಲಿತ್ತು.

ನಗುವವರದು ನನಗೆ ಏನೂ ಅನಿಸಲಿಲ್ಲ. ಬೈಯುವವರದು ಮೈ ಉರಿಸಿತು. ಹಿಂದಿನಿಂದ ಹಾರ್ನ್ ಹೊಡೆದು ಬಂದ ಬೈಕಿನವನು ಕಿಟಕಿಯ ಹತ್ತಿರ ಬಂದು, “ಗಾಡಿ ಹೊಡ್ಯಾಕ ಬರದಿದ್ರ ಮನ್ಯಾಗ ರೊಟ್ಟಿ ಬಡಿ!” ಎಂದು ಕೂಗಿ ಹೋದ. ಟ್ರ್ಯಾಕ್ಟರಿನವನೊಬ್ಬ, ಹೆಂಗಸರ ಕೈಯಾಗ ಸ್ಟೀರಿಂಗ್ ಕೊಟ್ರ ಹಿಂಗ ಅಂದ. ಹೀಗೆ ದಾರಿಯುದ್ದಕ್ಕೂ. ನಾನು ಮೇಲಿನಿಂದ ಅವರಿಗೆಲ್ಲ ತಿರುಗಿ ಬೈದೆ, ನನ್ನ ಬಾಯಿ ಅಷ್ಟು ಸಣ್ಣದಲ್ಲ. ಶೋಭಾರಾಣಿ ಮಾತ್ರ ತುಟಿ ಬಿಚ್ಚಲಿಲ್ಲ. ಎಂಜಿನ್ ಉಲ್ಟಾ ಕೂತಿದೆ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ, ಕೂರಿಸಿದವರು ಯಾರು ಎಂದು ಕೇಳುತ್ತಾರಲ್ಲ. ಮಾರೆಪ್ಪನೂ ಕ್ಯಾನು ಅಪ್ಪಿಕೊಂಡು ಸುಮ್ಮನೆ ಕೂತಿದ್ದ. ಅವನ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಕನಕಗಿರಿ ಮುಟ್ಟಿದಾಗ ಸಂತೆ ತುಂಬಿ ತುಳುಕುತ್ತಿತ್ತು. ಪಾರಮ್ಮನ ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿದ್ದವು, ಆದರೆ ಪಕ್ಕದ ಮಂಡಕ್ಕಿ ಡಬ್ಬಿ ತಳ ಕಂಡಿತ್ತು. ದಾರಿಯಲ್ಲಿ ನಮ್ಮನ್ನು ದಾಟಿದವರು ಮೊದಲೇ ಬಂದು ಎಲ್ಲ ವರದಿ ಒಪ್ಪಿಸಿದ್ದರು.

“ಈಗ ಬಂದೇನು ತಂಗಿ?” ಅಂದಳು ಪಾರಮ್ಮ ಜಾಲರಿ ಸೌಟು ಎತ್ತಿ. “ಕುರಿ ಮುಂದ, ನೀ ಹಿಂದ ಅಂತ. ನಿನಗ ಗಾಡಿ ಹೊಡ್ಯಾಕ ಧೈರ್ಯ ಸಾಲವಲ್ದು ಅಂತ ಎಲ್ಲಾರೂ ಹೇಳಾಕತ್ಯಾರ. ನನಗ ಯಾಪಾರ ಆಗಬೇಕವ್ವಾ. ಆ ಹುಡುಗಗ ಫೋನ್ ಮಾಡಿಬಿಡ್ತೀನಿ, ನೀ ಬ್ಯಾಸರ ಮಾಡ್ಕೋಬ್ಯಾಡ.”

ಅಷ್ಟರಲ್ಲಿ ಮಾರೆಪ್ಪ ಗಾಡಿಯಿಂದ ಇಳಿದ. ಅವನನ್ನು ನೋಡಿದ್ದೇ ಸುತ್ತಲಿನ ಹಳ್ಳಿಗಳ ರೈತರು, ಒಂದು ಕಾಲಕ್ಕೆ ಅವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದವರೇ, ಬಂದು ಮುತ್ತಿದರು. “ಓಹೋ, ಮಿಸ್ತ್ರಿ! ನಮಸ್ಕಾರ್ರಿ, ಎಷ್ಟು ದಿನಾ ಆತ್ರಿ ನೋಡಿ!” ಒಬ್ಬ ಆಗಲೇ ಚಹಾ ಹೇಳಲು ಓಡಿದ. ನಮ್ಮ ಊರಿನಲ್ಲಿ ಮರೆತುಹೋದ ಮನುಷ್ಯನಿಗೆ ಆ ಸಂತೆಯಲ್ಲಿ ಇನ್ನೂ ಅಷ್ಟು ಹೆಸರಿತ್ತು. ಅವನು ಸುಮ್ಮನೆ ಆ ಚಹಾ ಕುಡಿದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

“ಚಾ ತಡಿ,” ಅಂದ ಮಾರೆಪ್ಪ. “ಪಾರವ್ವಾ, ಇಲ್ಲಿ ಕೇಳು. ನೀವೂ ಕೇಳ್ರಿ. ನನ್ನ ಮಗಳಿಗೆ ಗಾಡಿ ಹೊಡ್ಯಾಕ ಬರತೈತಿ. ಗಾಡಿಗೇ ಮುಂದ ಹೋಗಾಕ ಬರಂಗಿಲ್ಲ. ಇದರಾಗ ಎಂಜಿನ್ ಕೂಡ್ಸಿದಾವ ನಾನು. ಹಿಂದ್ಮುಂದ ಕೂಡ್ಸೀನಿ. ಯಾವ ಕಡೆ ತಿರಗತೈತಿ ಅಂತ ನೋಡಲಿಲ್ಲ. ತಪ್ಪು ನಂದು.”

ನಾನು ಚೀಲದ ಮೇಲಿನಿಂದ ಜಾರಿ ಬೀಳುವುದೊಂದು ಬಾಕಿ. ಎಮ್ಮೆ ಇಲ್ಲ, ಹಳ್ಳ ಇಲ್ಲ, ಕಲಬೆರಕೆ ಡೀಸೆಲ್ ಇಲ್ಲ. ಅರ್ಧ ತಾಲೂಕಿನ ಎದುರು ಅಷ್ಟು ದೊಡ್ಡ ದನಿಯಲ್ಲಿ. ಬೆಳಿಗ್ಗೆಯಿಂದ ಇದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಸಂತೆಯೇನು ಸುಮ್ಮನಿರುತ್ತದೆಯೇ? ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ. ಮಿಸ್ತ್ರಿ ಎಂಜಿನ್ ಉಲ್ಟಾ ಕೂರಿಸಿದನಂತೆ ಎಂಬ ಸುದ್ದಿ ಸೊಪ್ಪಿನ ಸಾಲಿನಿಂದ ಬಳೆಗಾರರ ಸಾಲಿಗೆ ನಮ್ಮ ಕಣ್ಣೆದುರೇ ಹೋಯಿತು. ಮಾರೆಪ್ಪ ನಡುವೆ ನಿಂತು ಅದನ್ನೆಲ್ಲ ನುಂಗಿಕೊಂಡ. ಕಿವಿ ಕೆಂಪಾಗಿದ್ದವು, ಆದರೆ ಅಲ್ಲಿಂದ ಸರಿಯಲಿಲ್ಲ.

ನಗದೆ ನಿಂತವಳು ಪಾರಮ್ಮ ಒಬ್ಬಳೇ. ಅವಳು ಗಾಡಿಯನ್ನು ನೋಡಿದಳು, ಶೋಭಾರಾಣಿಯನ್ನು ನೋಡಿದಳು. “ಅಂದ್ರ ಕಾರಟಗಿದಿಂದ ಇಲ್ಲೀತನಕ ರಿವರ್ಸ್ ಗೇರಿನಾಗ ಹೊಡ್ಕೊಂಡು ಬಂದೀ?”

“ಹೂನ್ರಿ ಅಕ್ಕಾರ. ಸಂತಿ ತಪ್ಪಬಾರದಿತ್ತು.”

“ಯವ್ವಾ ನನ್ನವ್ವಾ!” ಪಾರಮ್ಮ ಸೌಟನ್ನು ಬಾಣಲೆಯ ಅಂಚಿಗೆ ಬಡಿದಳು. “ಆ ಹುಡುಗ ಒಂದ್ಸಲ ಗಾಲಿ ಪಂಚರ್ ಆದ್ರ ಮನ್ಯಾಗ ಮಲಗತಾನ. ಇಳಸ್ರೋ ಚೀಲಾ! ಎಲ್ಲಾ ಇಲ್ಲೇ ಇಳಸ್ರಿ.”

ನಕ್ಕ ರೈತರೇ ಬಂದು ಚೀಲ ಇಳಿಸಿದರು. ಮಾರೆಪ್ಪನೂ ಒಂದೊಂದು ಹೆಗಲಿಗೆ ಎರಡೆರಡು ಚೀಲ ಹೊತ್ತು ತಂದ, ಯಾರ ಮುಖವನ್ನೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಪಾರಮ್ಮ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟಳು. ಶೋಭಾರಾಣಿಯ ಪಕ್ಕ ಕೂತು ಪಿಸುಗುಟ್ಟುವವಳ ಹಾಗೆ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದಳು.

“ಆದ್ರ ಮುಂದಿನ ಸಂತಿಗೆ ಹಿಂಗ ಬಂದ್ರ ಆಗಂಗಿಲ್ಲ ತಂಗಿ. ನಿಮ್ಮಪ್ಪ ಖರೆ ಮನಶ್ಯಾ, ಆದ್ರ ವಯಸ್ಸಾತು. ಎಂಜಿನ್ ತಿರುವಿ ಕೂಡ್ಸಾಕ ಬ್ಯಾರೆ ಛಲೋ ಮಿಸ್ತ್ರಿನ ನೋಡು.”

ಮಾರೆಪ್ಪ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟ. ಗಾಡಿಯನ್ನು ನನ್ನ ಗ್ಯಾರೇಜಿಗೆ ಬಿಟ್ಟುಬಿಡು ಎಂದ ಅಕ್ಬರನ ಮಾತು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು. ಮಗಳು ಏನು ಹೇಳುತ್ತಾಳೋ ಎಂದು ಇಬ್ಬರೂ ಅವಳ ಕಡೆ ನೋಡಿದೆವು.

ಶೋಭಾರಾಣಿ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದಳು. “ಬ್ಯಾರೆದಾವ ಯಾಕ ಬೇಕ್ರಿ ಅಕ್ಕಾರ?” ಅಂದಳು. “ತಪ್ಪು ಎಲ್ಲಿ ಐತಿ ಅಂತ ನಮ್ಮಪ್ಪನಷ್ಟು ಗೊತ್ತಿರಾವ್ರು ಇನ್ಯಾರದಾರ?”