ಹಕ್ಕಿ ಕಾಣದ ಭಾನುವಾರಗಳು

ನಿನ್ನೆ ಮಗಳ ಮದುವೆ ಕಾರ್ಡು ತರಲು ಬಳ್ಳಾರಿಯ ಪ್ರೆಸ್ಸಿಗೆ ಹೋಗಿದ್ದೆ. ಹಸಿ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿರುಗುಪ್ಪದ ನಮ್ಮ ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತಿದ್ದೆ.

ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಅಪ್ಪನಿಗೆ ಅದೇ ಮಸಿ ವಾಸನೆಯ, ಹಕ್ಕಿ ನೋಡುವವರ ಪುಟ್ಟ ಪತ್ರಿಕೆಯೊಂದು ಪೋಸ್ಟಿನಲ್ಲಿ ಬರುತ್ತಿತ್ತು. ಓದುಗರು ತಾವು ಕಂಡದ್ದನ್ನು ಬರೆದು ಕಳಿಸಿದರೆ ಅದರಲ್ಲಿ ಅಚ್ಚಾಗುತ್ತಿತ್ತು. ಅದಕ್ಕೇ ಪ್ರತಿ ಭಾನುವಾರ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸಿರಿಗೇರಿ ಕಡೆಯ ಎರೆಹೊಲಗಳಿಗೆ ಹೊರಡುತ್ತಿದ್ದರು. ಅಲ್ಲಿ ಜೋಳದ ಕೂಳೆಯ ನಡುವೆ ನನ್ನ ಎದೆಯೆತ್ತರದ ದೊರೆಹಕ್ಕಿ, ನಮ್ಮ ಕಡೆಯ ಎರ್ಲಡ್ಡು, ಗತ್ತಿನಿಂದ ನಡೆದಾಡುತ್ತಿತ್ತು. "ಅನಿಸಿದ್ದು ಬರೀಬಾರ್ದವ್ವಾ, ಕಂಡದ್ದಷ್ಟ ಬರೀಬೇಕು," ಎನ್ನುತ್ತಿದ್ದರು. ಪತ್ರಿಕೆ ಕಲಿಸಿದ ಶಿಸ್ತು ಅದು.

ಆಮೇಲೆ ಕಾಲುವೆ ನೀರು ಬಂದು ಆ ಹೊಲಗಳೆಲ್ಲ ಭತ್ತದ ಗದ್ದೆಯಾದವು. ಹಕ್ಕಿ ಕಾಣದಾಯಿತು. ಅಪ್ಪ ಹೋಗುವುದನ್ನು ಬಿಡಲಿಲ್ಲ, ಬರೆಯುವುದು ಮಾತ್ರ ನಿಂತಿತು. ಒಂದು ಸಲ ಪತ್ರಿಕೆ ಮಡಚಿಡುತ್ತಾ ಕೇಳಿದರು, "ಏನೂ ಕಾಣಲಿಲ್ಲ ಅಂತ ಬರದ್ರ ಹಾಕ್ತಾರೇನವ್ವಾ?"

"ಹಾಕಲಿಕ್ಕಿಲ್ಲಪ್ಪಾ," ಅಂದೆ.

ಈಗ ಅಪ್ಪನೂ ಇಲ್ಲ, ಆ ಪತ್ರಿಕೆಯೂ ಇಲ್ಲ. ನಿನ್ನೆ ಕಾರ್ಡಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಸಿರಿಗೇರಿ ದಾರಿಯುದ್ದಕ್ಕೂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅವರ ಬದಲು ನಾನೇ ಇಲ್ಲಿ ಬರೆಯುತ್ತಿದ್ದೇನೆ: ಸಿರಿಗೇರಿ ಹೊಲ, ಸಂಜೆ. ಎರ್ಲಡ್ಡು ಕಾಣಲಿಲ್ಲ.